ಪರದೆಯಲ್ಲಿ ಕೆಂಪು ಮಾಸಿದ ಮನೆ

ಕಂಪ್ಯೂಟರಿನ ಪರದೆ ಕಪ್ಪಾಯಿತೆಂದರೆ ಮನೆಯವರು ಮೊದಲು ಹೇಳುವ ಮಾತು, "ನಾವೇನೂ ಮಾಡಿಲ್ರಿ." ಬಾಗಲಕೋಟೆಯಲ್ಲೂ ಇದೇ, ಬಾದಾಮಿಯಲ್ಲೂ ಇದೇ. ಇಪ್ಪತ್ತೆಂಟು ವರ್ಷ ಈ ಮಾತು ಕೇಳಿಕೊಂಡೇ ನಾನು ಕೆಲಸ ಶುರು ಮಾಡುತ್ತಿದ್ದೆ. ಹೋದ ವರ್ಷ ಮೊಣಕಾಲು ಮೇಜಿನ ಕೆಳಗೆ ಬಗ್ಗಲು ಒಲ್ಲೆ ಎಂದಿತು. ಚೀಲ ಕೆಳಗಿಟ್ಟೆ. ಈಗ ಹೊಸದಾಗಿ ಈ ಕೆಲಸಕ್ಕೆ ಬಂದವರು ಆಗಾಗ ಫೋನು ಮಾಡಿ, ಯಾವ ಗ್ರಾಫಿಕ್ಸ್ ಕಾರ್ಡಿಗೆ ಯಾವ ಡ್ರೈವರ್ ಹಾಕಬೇಕೆಂದು ಕೇಳುತ್ತಾರೆ. ಅದು ಇಂಟರ್ನೆಟ್ಟಿನಲ್ಲೇ ಸಿಗುತ್ತದೆ. ಅಲ್ಲಿ ಸಿಗದ ಕೆಲವನ್ನು ಬರೆದಿಡುತ್ತೇನೆ.

ನನ್ನ ಹೆಸರು ಮಾಳವ್ವ. ಊರು ಕೆರೂರಿನ ಹತ್ತಿರ. ಅಪ್ಪ ಕುರಿ ಸಾಕಿದವರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಮೇಲೆ ಬಾಗಲಕೋಟೆಯಲ್ಲಿ ಮೌಲಾಸಾಬರ ಟಿವಿ ರಿಪೇರಿ ಅಂಗಡಿಗೆ ಸೇರಿದೆ. ಅದೇ ಸುಮಾರಿಗೆ ಮನೆಮನೆಗೆ ಕಂಪ್ಯೂಟರ್ ಬರತೊಡಗಿದ್ದವು. ಮೌಲಾಸಾಬರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಆದರೆ ಮಾನಿಟರ್ ಅಂದರೆ ಆಂಟೆನಾ ಇಲ್ಲದ ಟಿವಿ ಎಂದು ಧೈರ್ಯವಾಗಿ ಬೋರ್ಡು ಬರೆಸಿದರು. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡ ಕಾರಣವನ್ನೂ ಮುಚ್ಚಿಡಲಿಲ್ಲ.

"ಹಗಲೊತ್ತಿನ್ಯಾಗ ಮನ್ಯಾಗ ಹೆಣ್ಮಕ್ಕಳ ಇರ್ತಾರ. ಗಂಡಸರು ರಿಪೇರಿಗೆ ಹ್ವಾದ್ರ ಬಾಗಲದಾಗ ನಿಂತು ಮಾತಾಡಬೇಕು. ನೀ ಆದ್ರ ಅಡಗಿಮನಿ ದಾಟಿ ಒಳಗ ಹೋಗ್ತಿ," ಎಂದರು.

ಅವರು ಹೇಳಿದ್ದು ಖರೆ ಆಯಿತು. ಒಳಗೆ ಹೋದೆ, ಹೋದಲ್ಲೆಲ್ಲ ಕಲಿತೆ. ಕಲಿತದ್ದರಲ್ಲಿ ಹೆಚ್ಚಿನದು ತಪ್ಪು ಮಾಡಿ ಕಲಿತದ್ದು.

ಮೊದಲಿಗೆ ಕೆರೂರಿನ ಒಂದು ಮನೆ. ಗೊಬ್ಬರದ ಅಂಗಡಿಯವರದು. ಆಟದ ಚಿತ್ರ ಚೆನ್ನಾಗಿ ಕಾಣಲೆಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡಿದ್ದರು. ಹಾಕಿಸಿದ ಮೇಲೂ ಚಿತ್ರ ಎಳೆದೆಳೆದು ಬರುತ್ತದೆ ಎಂಬುದು ದೂರು. ನಾನು ಬೆಳಿಗ್ಗೆ ಹೋದವಳು ಡ್ರೈವರ್ ತೆಗೆದು ಹಾಕಿದೆ, ವಿಂಡೋಸ್ ಹೊಸದಾಗಿ ಹಾಕಿದೆ, ಕಾರ್ಡನ್ನು ಬಿಚ್ಚಿ ಅದರ ಹಳದಿ ಅಂಚನ್ನು ರಬ್ಬರಿನಿಂದ ತಿಕ್ಕಿ ಕೂಡಿಸಿದೆ. ಊಟದ ಹೊತ್ತಾಯಿತು. ಮನೆಯ ಅಜ್ಜಿ ರೊಟ್ಟಿ ತಂದುಕೊಟ್ಟು, ಕಂಪ್ಯೂಟರಿನ ಡಬ್ಬಿಯ ಹಿಂದೆ ಬಗ್ಗಿ ನೋಡಿ ಕೇಳಿದರು.

"ಈ ಮ್ಯಾಲಿನ ತೂತಿನ್ಯಾಗ ವೈರ್ ಐತಿ, ಕೆಳಗಿಂದು ಖಾಲಿ ಯಾಕ ಐತವ್ವ?"

ಕೆಳಗಿನದೇ ಕಾರ್ಡಿನ ತೂತು. ಮಾನಿಟರಿನ ವೈರನ್ನು ಮೊದಲಿನಿಂದಲೂ ಕಂಪ್ಯೂಟರಿನ ಹಳೆಯ ತೂತಿಗೇ ಸಿಕ್ಕಿಸಿದ್ದರು. ಕಾರ್ಡು ಸುಮ್ಮನೆ ಕೂತಿತ್ತು. ನಾನು ವೈರನ್ನು ಕೆಳಗೆ ಸಿಕ್ಕಿಸಿದೆ, ಚಿತ್ರ ಸರಸರ ಓಡಿತು. ಅಜ್ಜಿಯ ಮುಖ ನೋಡಲಾಗಲಿಲ್ಲ. ಇಂದಿಗೂ ಹೊಸಬರಿಗೆ ನಾನು ಮೊದಲು ಹೇಳುವುದು ಇದೇ: ಬಿಚ್ಚುವ ಮೊದಲು ಹಿಂದೆ ಹೋಗಿ ವೈರು ಎಲ್ಲಿದೆ ನೋಡಿ.

ಎರಡನೆಯ ತಪ್ಪು ನಗುವಂಥದ್ದಲ್ಲ.

ಬಾದಾಮಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದರು. ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಬರೆದುಕೊಡುತ್ತಿದ್ದರು. ಪರದೆ ಆಗಾಗ ನಡುಗುತ್ತದೆ ಎಂದು ಕರೆದಿದ್ದರು. ಥಂಡಿಯ ದಿನ, ಗಾಳಿ ಒಣಗಿ ಹೋಗಿತ್ತು. ನಾನು ಟೆರಿಲಿನ್ ಸೀರೆ ಉಟ್ಟು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಕಾರ್ಡು ಬಿಚ್ಚಲು ಎದ್ದು ಕೈಹಾಕಿದಾಗ ಬೆರಳ ತುದಿಯಲ್ಲಿ ಚಟ್ ಎಂದಿತು. ಸಣ್ಣ ಕಿಡಿ, ಸೀರೆಯ ತಿಕ್ಕಾಟಕ್ಕೆ ಮೈಯಲ್ಲಿ ಕೂಡಿದ್ದ ಕರೆಂಟು. ಒರೆಸಿ ಮತ್ತೆ ಕೂಡಿಸಿದೆ. ಪರದೆ ಬರಲಿಲ್ಲ. ಒಂದು ಉದ್ದ ಬೀಪ್, ಎರಡು ಗಿಡ್ಡ ಬೀಪ್. ಕಾರ್ಡು ಸತ್ತಿತ್ತು.

"ಮೊದಲ ಹೋಗಿತ್ರಿ ಇದು. ಅದಕ್ಕ ನಡಗತಿತ್ತು," ಎಂದೆ. ಬಾಯಿಂದ ಮಾತು ಎಷ್ಟು ಸಲೀಸಾಗಿ ಬಂತೆಂದು ನನಗೇ ಆಶ್ಚರ್ಯವಾಯಿತು. ಅವರು ನಂಬಿದರು.

ಅಂಗಡಿಗೆ ಬಂದು ಕಾರ್ಡನ್ನು ಮೌಲಾಸಾಬರ ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಲಿಲ್ಲ, ನನ್ನ ಸೀರೆಯನ್ನು ನೋಡಿದರು.

"ಕಿಡಿ ಹತ್ತಿತೇನು?"

ಹೌದೆಂದು ತಲೆಯಾಡಿಸಿದೆ.

"ನಾಳೆ ಹೊಸಾ ಕಾರ್ಡ್ ತಗೊಂಡು ಹೋಗು. ಹಾಕೂದಕ್ಕಿಂತ ಮೊದಲ ನಾನ ಕೆಡಿಸೀನಿ ಅಂತ ಹೇಳು. ಹಾಕಿದ ಮ್ಯಾಲೆ ಹೇಳಿದ್ರ ಅದು ಹೇಳಿದಂಗ ಅಲ್ಲ."

ಬಾದಾಮಿಯ ಬಸ್ಸು ಅಷ್ಟು ಬೇಗ ಮುಟ್ಟಿದ್ದು ಅವತ್ತೇ. ಮಾಸ್ತರು ಬಾಗಿಲು ತೆರೆದರು, ನಾನು ಹೊಸ್ತಿಲಲ್ಲೇ ನಿಂತು ಹೇಳಿದೆ. ಅವರು ಕಾರ್ಡು ಹಾಕಿಸಿಕೊಂಡರು, ಚಹಾ ಕೊಟ್ಟರು. ಹೊರಡುವಾಗ, "ನಿನ್ನ ಮ್ಯಾಲೆ ಸಿಟ್ಟಿಲ್ಲವ್ವ. ಆದ್ರ ಇನ್ನೊಮ್ಮೆ ನಿನ್ನ ಕರಿಯಾಂಗಿಲ್ಲ," ಎಂದರು. ಕರೆಯಲೂ ಇಲ್ಲ. ಅಂದಿನಿಂದ ಕೆಲಸಕ್ಕೆ ನೂಲಿನ ಸೀರೆ ಬಿಟ್ಟು ಬೇರೆ ಉಡಲಿಲ್ಲ. ಡಬ್ಬಿಯ ಒಳಗೆ ಕೈಹಾಕುವ ಮೊದಲು ಅದರ ಕಬ್ಬಿಣ ಮುಟ್ಟಿ ಮೈಯ ಕರೆಂಟು ಇಳಿಸಿಕೊಳ್ಳುವುದು ಕೈಗೆ ಅಂಟಿದ ರೂಢಿಯಾಯಿತು.

ಹೀಗೆ ಊರೂರು ತಿರುಗಿ ನನಗೆ ಧೂಳಿನ ಪರಿಚಯವಾಯಿತು. ಡಬ್ಬಿ ಬಿಚ್ಚಿದರೆ ಸಾಕು, ಯಾವ ಊರಿನದೆಂದು ಹೇಳಬಲ್ಲೆ. ಬಾದಾಮಿಯದು ಕೆಂಪು ಕಲ್ಲಿನ ಪುಡಿ, ಬೆರಳಿಗೆ ಉಸುಕಿನಂತೆ ಸಿಗುತ್ತದೆ. ಹುನಗುಂದದ್ದು ಎರೆಮಣ್ಣು, ಹತ್ತಿಯ ಎಳೆ ಸೇರಿ ಫ್ಯಾನಿಗೆ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಇಳಕಲ್ಲಿನದು ಗ್ರಾನೈಟಿನ ಪುಡಿ, ಹಿಟ್ಟಿಗಿಂತ ಸಣ್ಣದು, ಊದಿದರೆ ಹೋಗುವುದಿಲ್ಲ, ಕುಂಚ ಬೇಕು. ಈ ಧೂಳಿನಿಂದ ಕಾರ್ಡು ಕಾದು ಪರದೆ ಕಪ್ಪಾಗುವುದೇ ಹೆಚ್ಚು. ಅದಕ್ಕೇ ಇಳಕಲ್ಲಿನಿಂದ ನೀಲವ್ವನ ಫೋನು ಬಂದಾಗ ಕುಂಚ ತೆಗೆದುಕೊಂಡು ಹೋದರೆ ಮುಗಿಯಿತೆಂದು ನಾನು ತಿಳಿದೆ.

ನೀಲವ್ವನಿಗೆ ಆಗ ನಲವತ್ತರ ಮೇಲಿತ್ತು. ಗಂಡ ಪರಸಪ್ಪ ಮನೆಯಲ್ಲೇ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನೀಲವ್ವ ತರಬೇತಿಯೊಂದರಲ್ಲಿ ಕಂಪ್ಯೂಟರ್ ಕಲಿತು, ಸೀರೆಯ ದಡಿ, ಅಂದರೆ ಅಂಚು, ಮತ್ತು ಸೆರಗಿನ ಚಿತ್ರವನ್ನು ಪರದೆಯ ಮೇಲೆ ಚೌಕಚೌಕವಾಗಿ ಬರೆಯುತ್ತಿದ್ದರು. ಒಂದು ಚೌಕವೆಂದರೆ ಒಂದು ಎಳೆ. ಬರೆದದ್ದನ್ನು ಊರಿನ ಸೀರೆ ಮಾಲಕರೊಬ್ಬರಿಗೆ ಕಳಿಸಿದರೆ ಅವರು ಅದರ ಪ್ರಕಾರ ನೂಲಿಗೆ ಬಣ್ಣ ಹಾಕಿಸುತ್ತಿದ್ದರು. ಮಗ್ಗದ ಕೋಣೆಗೂ ಕಂಪ್ಯೂಟರಿನ ಕೋಣೆಗೂ ನಡುವೆ ಒಂದೇ ಗೋಡೆ.

ನಾನು ಹೋದಾಗ ಪರಸಪ್ಪ ಮಗ್ಗದಿಂದೆದ್ದು ಬಂದು ಕೂಡಲು ಹೇಳಿದರು. ನೀಲವ್ವ ಕಂಪ್ಯೂಟರ್ ಹಚ್ಚಿದರು. ಚಿಕ್ಕಿ ಪರಾಸ ಎಂಬ ನಮೂನೆಯ ದಡಿ, ದಾಳಿಂಬರಿ ಕೆಂಪಿನದು, ಪರದೆಯ ಮೇಲೆ ಚಂದ ಕಾಣುತ್ತಿತ್ತು.

"ಏನಾಗ್ತೈತ್ರಿ?" ಎಂದೆ.

"ಕೆಂಪು ಮಾಸತೈತ್ರಿ. ಸುಟ್ಟ ಇಟ್ಟಂಗಿ ಬಣ್ಣಕ್ಕ ಬರ್ತೈತಿ. ಒಮ್ಮೊಮ್ಮೆ ಪೂರ್ತಿ ಹೋಗಿ ಎಲ್ಲಾ ಹಸರಗಟ್ಟತೈತಿ."

"ನನಗಂತೂ ಒಮ್ಮೆನೂ ಹಂಗ ಕಂಡಿಲ್ಲ," ಎಂದರು ಪರಸಪ್ಪ. "ಈಕಿ ಕರದಾಗೊಮ್ಮೆ ಎದ್ದು ಬಂದು ನೋಡೀನಿ. ಕೆಂಪು ಕೆಂಪ ಇರ್ತೈತಿ."

ಹುನಗುಂದದ ಮೆಕ್ಯಾನಿಕ್ ಸಂಗಪ್ಪ ಎಂಬವರು ಮೊದಲೇ ಬಂದು ಗ್ರಾಫಿಕ್ಸ್ ಕಾರ್ಡು ಬದಲಿಸಿದ್ದರು, ವೈರನ್ನೂ ಬದಲಿಸಿದ್ದರು. ಎರಡು ದಿನ ಸರಿಯಿದ್ದು ಮತ್ತೆ ಅದೇ ಆಯಿತಂತೆ. ನಾನು ಧೂಳು ತೆಗೆದೆ, ಎಲ್ಲ ವೈರು ಬಿಗಿ ಮಾಡಿದೆ, ಸಂಜೆಯವರೆಗೆ ಕೂತೆ. ಕೆಂಪು ಅಲುಗಲಿಲ್ಲ. ಹದಿನೈದು ದಿನಕ್ಕೆ ಮತ್ತೆ ಫೋನು. ಮತ್ತೆ ಹೋದೆ, ಮತ್ತೆ ಪರಸಪ್ಪ ಎದ್ದು ಬಂದು ಮಾತಾಡಿಸಿದರು, ಮತ್ತೆ ಏನೂ ಕಾಣಲಿಲ್ಲ.

ಹೊರಡುವ ಹೊತ್ತಿಗೆ ಕೆಲಸದ ಚೀಟಿ ಬರೆಯುತ್ತಿದ್ದೆ. ಪರಸಪ್ಪ ಹಿತ್ತಲಿಗೆ ಹೋಗಿದ್ದರು. ನೀಲವ್ವ ಹತ್ತಿರ ಬಂದು ನಿಂತರು.

"ಏನು ಬರದ್ರಿ?"

"ಯಂತ್ರದಲ್ಲಿ ದೋಷವಿಲ್ಲ ಅಂತ."

"ಹಂಗ ಬರೀಬ್ಯಾಡ್ರಿ ಬಾಯಾರ," ಎಂದರು. ದನಿ ಎತ್ತರಿಸಲಿಲ್ಲ. "ಯಂತ್ರದಾಗ ಇಲ್ಲ ಅಂದ್ರ ನನ್ನ ಕಣ್ಣಾಗ ಐತಿ ಅಂತ ಬರದಂಗ. ನಮ್ಮವ್ವಗ ನನ್ನ ವಯಸ್ಸಿನ್ಯಾಗ ಕಣ್ಣು ಹ್ವಾದೂವು. ಮೊದಲ ಬಣ್ಣ ಹ್ವಾತು, ಆಮ್ಯಾಲೆ ಎಲ್ಲಾ."

ಕೆಂಪು ಮಾಸಿ ಕಂಡಾಗಲೆಲ್ಲ ಅವರು ಇನ್ನಷ್ಟು ಕೆಂಪು ತುಂಬುತ್ತಿದ್ದರು. ಚಿತ್ರ ಮಾಲಕರಲ್ಲಿ ಮುಟ್ಟಿದಾಗ ದಾಳಿಂಬರಿ ಹೋಗಿ ಕಣ್ಣು ಕುಕ್ಕುವ ಕೆಂಪಾಗಿರುತ್ತಿತ್ತು. ಎರಡು ಸಲ ವಾಪಸು ಬಂದಿತ್ತು. ಮೂರನೆಯ ಸಲ ಹೀಗಾದರೆ ಬೇರೆಯವರ ಕಡೆ ಬರೆಸುತ್ತೇನೆ ಎಂದು ಮಾಲಕರು ಹೇಳಿ ಕಳಿಸಿದ್ದರು. ಹೆದರಿಕೆಗೆ ನೀಲವ್ವ ಕಣ್ಣಿನ ದವಾಖಾನೆಯ ಕಡೆ ತಲೆ ಹಾಕಿರಲಿಲ್ಲ.

ನಾನು ಚೀಟಿ ಹರಿದೆ. ಹೊಸ ಚೀಟಿಯಲ್ಲಿ 'ದೋಷ ಇನ್ನೂ ನನಗೆ ಸಿಕ್ಕಿಲ್ಲ' ಎಂದು ಬರೆದು ಅವರ ಕೈಗೆ ಕೊಟ್ಟೆ. ಆಮೇಲಿನ ವರ್ಷಗಳಲ್ಲಿ ಯಾವ ಮನೆಯಲ್ಲೂ 'ದೋಷವಿಲ್ಲ' ಎಂದು ನಾನು ಬರೆದದ್ದಿಲ್ಲ. ಮನುಷ್ಯರು ಕಂಡೆ ಎಂದದ್ದನ್ನು ಇಲ್ಲ ಎನ್ನುವ ಮೊದಲು ಅವರು ಕೂತ ಜಾಗದಲ್ಲಿ ಅವರಷ್ಟೇ ಹೊತ್ತು ಕೂಡಬೇಕು.

ಮೌಲಾಸಾಬರು ಈ ಸಲ ನನ್ನ ಪರ ಇರಲಿಲ್ಲ. "ಎರಡು ಸಲ ಹೋಗಿಬಂದಿ. ಕಣ್ಣಿಂದಿದ್ರೂ ಇರಬಹುದು. ಬಿಡು ಮಾಳವ್ವ," ಎಂದರು.

"ಇನ್ನೊಮ್ಮೆ ಹೋಗ್ತೇನ್ರಿ. ನನ್ನ ರಜಾದಾಗ ಹೋಗ್ತೇನಿ," ಎಂದೆ.

ಅವರು ಗಡ್ಡ ಕೆರೆದುಕೊಂಡರು. "ರಜಾ ಯಾಕ? ಅಂಗಡಿ ಕೆಲಸ ಅಂತನ ಹೋಗು."

ಮೊದಲು ಹುನಗುಂದದಲ್ಲಿ ಇಳಿದು ಸಂಗಪ್ಪನವರ ಅಂಗಡಿಗೆ ಹೋದೆ. ಬೇರೆ ಅಂಗಡಿಯವಳು ವಿಚಾರಿಸಲು ಬಂದದ್ದು ಅವರಿಗೆ ಹಿಡಿಸಲಿಲ್ಲ.

"ಆ ಬಾಯಾರಿಗೆ ಕಣ್ಣಿನ ಕೊರತಿ ಐತ್ರಿ. ನಾ ಏನ ಮಾಡ್ಲಿ?"

"ನೀವು ತಗದ ಹಳೇ ಕಾರ್ಡ್ ಐತೇನ್ರಿ?"

ಇತ್ತು. ಖಾನೆಯಿಂದ ತೆಗೆದುಕೊಟ್ಟರು. ಅವರದೇ ಅಂಗಡಿಯ ಕಂಪ್ಯೂಟರಿಗೆ ಹಾಕಿ, ಪರದೆ ತುಂಬ ಕೆಂಪು ತುಂಬಿಸಿ ಎದುರಿಗೆ ಕೂತೆ. ಒಂದು ಗಂಟೆ, ಎರಡು ಗಂಟೆ. ಸಂಗಪ್ಪ ಮೊದಲು ನಕ್ಕರು, ಆಮೇಲೆ ಅವರೂ ಗಿರಾಕಿಗಳ ನಡುವೆ ತಿರುತಿರುಗಿ ನೋಡತೊಡಗಿದರು. ಮೂರನೆಯ ಗಂಟೆಗೆ ತಾವೇ ಹೇಳಿದರು, "ಕಾರ್ಡ್ ಚಲೋ ಐತ್ರಿ. ನಾ ಸುಮ್ಮನ ಬದಲ ಮಾಡೀನಿ."

ಕಾರ್ಡಲ್ಲ, ವೈರಲ್ಲ. ಉಳಿದದ್ದು ಮಾನಿಟರು, ಇಲ್ಲವೆ ಕಣ್ಣು. ಬೇರೆ ಮಾನಿಟರ್ ಒಯ್ದು ಇಡಬಹುದಿತ್ತು. ಆದರೆ ನನ್ನೆದುರು ಕೆಡದ ಪರದೆಯ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಏನು ತಿಳಿಯುತ್ತದೆ? ಕೆಡುವುದನ್ನು ನನ್ನ ಕಣ್ಣಿನಿಂದ ನೋಡಲೇಬೇಕಿತ್ತು. ಆಗ ಆ ಮನೆಯಲ್ಲಿದ್ದದ್ದು ಬಟನ್ ಫೋನು, ಫೋಟೊ ತೆಗೆದು ತೋರಿಸಿ ಎನ್ನುವಂತೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಇಳಕಲ್ಲಿಗೆ ಹೋದವಳು ನೀಲವ್ವನಿಗೆ ಹೇಳಿದೆ, "ಇವತ್ತ ನಾ ಬಂದಿಲ್ಲ ಅಂತ ತಿಳೀರಿ. ದಿನಾ ಹ್ಯಾಂಗ ಕೆಲಸ ಮಾಡ್ತೀರೋ ಹಂಗ ಮಾಡ್ರಿ. ನಾ ಹಿಂದ ಕೂಡ್ತೇನಿ."

ಅವರು ದಡಿ ಬರೆಯತೊಡಗಿದರು, ನಾನು ಮಣೆಯ ಮೇಲೆ ಕೂತೆ. ಹನ್ನೊಂದಾಯಿತು. ಏನೂ ಇಲ್ಲ. ಆಗ ಪರಸಪ್ಪ ಬಾಗಿಲಲ್ಲಿ ಬಂದು ನಿಂತರು.

"ಬಾಯಾರ, ಮಗ್ಗದ ಸಪ್ಪಳಾದ್ರ ನಿಮಗ ತ್ರಾಸ ಆಗ್ತೈತೇನ್ರಿ? ನೀವು ಬಂದಾಗೊಮ್ಮೆ ನಿಂದರಸ್ತಿದ್ದೆ. ಇವತ್ತ ಸೀರಿ ಮುಗಸಬೇಕಾಗೇತಿ."

"ನೇಯ್ರಿ, ನನಗೇನ ತ್ರಾಸ?" ಎಂದೆ. ಅಷ್ಟು ಹೇಳಿದ ಮೇಲೂ ನನ್ನ ತಲೆಗೆ ಹೊಳೆಯಲಿಲ್ಲ.

ಗೋಡೆಯ ಆ ಕಡೆ ಮಗ್ಗ ಶುರುವಾಯಿತು. ಎಳೆ ಬಿಗಿ ಮಾಡುವ ಹಲಗೆ ಬಡಿದಾಗಲೆಲ್ಲ ನಾನು ಕೂತ ನೆಲ ಸಣ್ಣಗೆ ಅದುರುತ್ತಿತ್ತು. ಗೋಡೆಗೆ ಆನಿಸಿಟ್ಟ ಕಂಪ್ಯೂಟರಿನ ಮೇಜೂ ಅದುರುತ್ತಿತ್ತು. ಎರಡು ಬೆರಳು ನೇಯುವಷ್ಟು ಹೊತ್ತೂ ಆಗಿರಲಿಕ್ಕಿಲ್ಲ, ಪರದೆಯ ಮೇಲಿನ ದಾಳಿಂಬರಿ ಕೆಂಪು ಒಮ್ಮೆ ಮಿಡುಕಿ ಇಟ್ಟಂಗಿಯ ಬಣ್ಣಕ್ಕೆ ಬಂತು. ಹಲಗೆಯ ಇನ್ನೆರಡು ಪೆಟ್ಟು ಬೀಳುವಷ್ಟರಲ್ಲಿ ಪೂರ್ತಿ ಹೋಗಿ, ದಡಿಯೆಲ್ಲ ಹಸಿರುಗಪ್ಪಾಯಿತು.

ನೀಲವ್ವ ಪರದೆಯನ್ನು ನೋಡುತ್ತಿರಲಿಲ್ಲ. ಕುರ್ಚಿಯಲ್ಲಿ ತಿರುಗಿ ನನ್ನ ಮುಖ ನೋಡುತ್ತಿದ್ದರು.

"ನಿಮಗೂ ಕಾಣ್ತೇನ್ರಿ?"

"ಕಾಣ್ತು."

ಅವರು ಸೆರಗಿನಿಂದ ಬಾಯಿ ಒತ್ತಿಕೊಂಡರು. ಆಮೇಲೆ ಗಂಡನನ್ನು ಕೂಗಿದರು. ಮಗ್ಗ ನಿಂತಿತು, ಪರಸಪ್ಪ ಎದ್ದು ಬಂದರು. ಅವರು ಬಾಗಿಲು ದಾಟುವಷ್ಟರಲ್ಲಿ ಕೆಂಪು ತಿರುಗಿ ಬಂದಿತ್ತು.

"ಎಲ್ಲೈತಿ? ಸರಿನ ಐತೆಲ್ಲ," ಎಂದರು ಅವರು, ಎಂದಿನಂತೆ.

ಆಗ ನನಗೆ ನಗು ಬಂತು. ಇಷ್ಟು ತಿಂಗಳು ನಡೆದದ್ದು ಇದೇ. ಅವರು ನೋಡಲು ಬರಬೇಕಾದರೆ ಮಗ್ಗ ನಿಲ್ಲಬೇಕು. ಮಗ್ಗ ನಿಂತರೆ ಪರದೆ ಸರಿ. ಸಂಗಪ್ಪ ಬಂದಾಗಲೂ, ನಾನು ಬಂದಾಗಲೂ ಮರ್ಯಾದೆಗೆಂದು ಮಗ್ಗ ನಿಲ್ಲಿಸಿದ್ದರು.

ನಾನು ವಿವರಿಸಲು ಬಾಯಿ ತೆರೆದೆ. ನೀಲವ್ವ ಕೈ ಅಡ್ಡ ಮಾಡಿದರು. ಗಂಡನಿಗೆ, "ನೀವು ಇಲ್ಲಿ ಕೂಡ್ರಿ. ಕಣ್ಣು ಕೀಳಬ್ಯಾಡ್ರಿ," ಎಂದು ಹೇಳಿ ಆ ಕೋಣೆಗೆ ನಡೆದರು. ಕುಣಿಯಲ್ಲಿ ಇಳಿದ ಸಪ್ಪಳ, ಆಮೇಲೆ ಹಲಗೆಯ ಸಪ್ಪಳ. ಬೇಕಾದದ್ದಕ್ಕಿಂತ ಜೋರಾಗಿಯೇ ಬಡಿಯುತ್ತಿದ್ದರು. ಪರಸಪ್ಪ ಕಣ್ಣು ಕೀಳದೆ ಕೂತರು. ಅವರ ಎದುರಿಗೇ ಕೆಂಪು ಮಾಸಿತು, ಹೋಯಿತು.

ಮಗ್ಗ ನಿಂತಿತು. ಹೆಂಡತಿ ಬಾಗಿಲಿಗೆ ಬಂದಾಗ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟರು.

"ನಿನ್ನ ಕಣ್ಣು ಚಲೋ ಅದಾವ. ನಂದ ತಪ್ಪಾತು," ಎಂದರು.

ಮಾನಿಟರಿನ ಬೆನ್ನು ಬಿಚ್ಚಿದೆ. ವೈರು ಸಿಕ್ಕಿಸುವ ತೂತಿನ ಹಿಂದೆ ಕೆಂಪು ಬಣ್ಣ ತರುವ ಕಾಲಿಗೆ, ಅಂದರೆ ಪಿನ್ನಿಗೆ, ಹಾಕಿದ ಬೆಸುಗೆ ಕೂದಲೆಳೆಯಷ್ಟು ಬಿರಿದಿತ್ತು. ಸಂಗಪ್ಪ ವೈರು ಬದಲಿಸುವಾಗ ಅದು ಒತ್ತಿಕೊಂಡು ಎರಡು ದಿನ ಸರಿಯಾಗಿತ್ತು, ಅಷ್ಟೆ. ಕಾದ ಬೆಸುಗೆ ಕಡ್ಡಿ ಮುಟ್ಟಿಸಿ ಹೊಸ ಸೀಸ ತುಂಬಿದೆ. ಹತ್ತು ನಿಮಿಷದ ಕೆಲಸ. ಅದಾದ ಮೇಲೆ ಪರಸಪ್ಪ ಸಂಜೆಯವರೆಗೆ ನೇಯ್ದರು, ಕೆಂಪು ಕದಲಲಿಲ್ಲ.

ನೀಲವ್ವ ಮೊದಲಿನ ದಡಿಯ ಬಣ್ಣವನ್ನೆಲ್ಲ ತಿದ್ದಿ, ತಾವೇ ಮಾಲಕರ ಮನೆಗೆ ಹೋಗಿ ಕೊಟ್ಟುಬಂದರು. ಮಾಲಕರು ಅದನ್ನು ತೆಗೆದುಕೊಂಡರು, ಆದರೆ ಮುಂದಿನ ಕೆಲಸ ಕೊಡಲು ನಾಲ್ಕು ತಿಂಗಳು ತಡ ಮಾಡಿದರು. ನೀಲವ್ವ ಬಿಡಲಿಲ್ಲ. ಯಾರೂ ಹೇಳದಿದ್ದರೂ ತೋಪುತೆನಿ ನಮೂನೆಯ ಹೊಸ ಸೆರಗು ಬರೆದು ಬರೆದು ಕಳಿಸುತ್ತಲೇ ಇದ್ದರು. ಕಡೆಗೆ ಮಾಲಕರು ಮತ್ತೆ ಅವರ ಕಡೆಯೇ ಬರೆಸತೊಡಗಿದರು.

ಆ ನಂತರ ಕೆಲಸದ ರೀತಿ ಬಹಳ ಬದಲಾಯಿತು. ದಪ್ಪ ಮಾನಿಟರು ಹೋಗಿ ತೆಳ್ಳನೆಯದು ಬಂತು. ಮೂರು ಬಣ್ಣಕ್ಕೆ ಮೂರು ಕಾಲಿದ್ದ ವೈರು ಹೋಗಿ, ಬಂದರೆ ಪೂರ್ತಿ ಚಿತ್ರ, ಇಲ್ಲವಾದರೆ ಏನೂ ಇಲ್ಲ ಎನ್ನುವ ವೈರು ಬಂತು. ಬೆಸುಗೆ ಹಾಕುವವರು ಕಡಿಮೆಯಾಗಿ ತೆಗೆದು ಬೇರೆ ಹಾಕುವವರು ಹೆಚ್ಚಾದರು. ಈಗಂತೂ ಕಂಪನಿಯವರು ಫೋನಿನಲ್ಲೇ, ಪರದೆಯ ಮೇಲೆ ಕಾಣುವ ಗುಂಡಿ ಒತ್ತಿ ಎನ್ನುತ್ತಾರೆ, ಪರದೆಯೇ ಕಪ್ಪಾದವರಿಗೆ. ಮೌಲಾಸಾಬರು ಇದನ್ನೆಲ್ಲ ನೋಡುವ ಮೊದಲೇ ತೀರಿಕೊಂಡರು. ನಾನು ಹೊಸದನ್ನೆಲ್ಲ ಕಲಿತೆ, ಕಲಿಯದೆ ವಿಧಿಯಿರಲಿಲ್ಲ. ಆದರೆ ಮನೆಗೆ ಹೋದರೆ ಮೊದಲು ಕೇಳುವ ಪ್ರಶ್ನೆ ಒಂದು ಹೆಚ್ಚಾಗಿತ್ತು: "ಇದು ಕೆಡೂ ಮುಂದ ಮನ್ಯಾಗ ಮತ್ತೇನ ನಡದಿರ್ತೈತಿ?" ಶಿರೂರಿನ ಒಂದು ಮನೆಯಲ್ಲಿ ಬೋರಿನ ಮೋಟರು ಶುರುವಾದಾಗ ಪರದೆ ಆರುತ್ತಿತ್ತು. ಪಟ್ಟದಕಲ್ಲಿನಲ್ಲಿ ಫ್ರಿಜ್ಜು. ಕೇಳಿದರೆ ಹೇಳುತ್ತಾರೆ. ಕೇಳುವವರು ಬೇಕು.

ನಾನು ಕೆಲಸ ಬಿಡುವ ಕೆಲವು ತಿಂಗಳ ಮುಂಚೆ ನೀಲವ್ವ ಫೋನು ಮಾಡಿದರು. ಆಗ ಅವರಿಗೆ ಅರವತ್ತರ ಹತ್ತಿರ.

"ಬಾಯಾರ, ಈ ಸಲ ನೀಲಿ ಹೋಗೇತ್ರಿ. ನವಿಲಿನ ಬಣ್ಣ ಹಾಕಿದ್ರ ಬೂದಿ ಕಾಣ್ತೈತಿ."

"ನಾಳೆ ಬರ್ತೇನಿ," ಎಂದೆ.

"ಬರಬ್ಯಾಡ್ರಿ. ವೈರ್ ಬದಲ ಮಾಡಿ ನೋಡೀನಿ. ಬಾಜೂ ಮನಿ ಮಾನಿಟರ್ ತಂದು ಹಚ್ಚಿ ನೋಡೀನಿ. ಮಗ್ಗ ನಿಂದರಿಸಿ ನೋಡೀನಿ, ನಡಿಸಿ ನೋಡೀನಿ. ಇವರನ್ನ ಕೂಡಿಸಿ ಕೇಳೀನಿ, ಇವರಿಗೆ ನೀಲಿ ಕಾಣ್ತೈತಂತ. ಯಂತ್ರ ಸರಿ ಐತ್ರಿ. ಈ ಸಲ ನನ್ನ ಕಣ್ಣ."

"ದವಾಖಾನಿಗೆ..." ಎಂದು ಶುರು ಮಾಡಿದೆ.

"ನಿನ್ನೆನ ಹೋಗಿ ಬಂದೆ. ಮೋತಿಬಿಂದು, ಕಣ್ಣಿಗೆ ಪೊರಿ ಬಂದೈತಿ ಅಂದ್ರು. ಅವ್ವಂದೂ ಇದ ಇತ್ತೇನೋ, ಯಾರು ತೋರಿಸಿದ್ರು? ಲಗೂನ ಬಂದೀರಿ, ತಗದ್ರ ಹೋಗ್ತೈತಿ ಅಂತ ಹೇಳ್ಯಾರ."

ಮೊದಲು ಬಲಗಣ್ಣಿನದನ್ನು ತೆಗೆದರು. ಎಡಗಣ್ಣಿನ ಸರದಿ ಬರುವ ಮೊದಲೇ ಅವರು ಮತ್ತೆ ದಡಿ ಬರೆಯಲು ಕೂತಿದ್ದರು. ಒಂದು ಮಧ್ಯಾಹ್ನ ಫೋನು ಮಾಡಿ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ, ಆಮೇಲೆ ಅದನ್ನು ಮುಚ್ಚಿ ಇದರಿಂದ, ಪರದೆಯ ಮೇಲಿನ ಅದೇ ನವಿಲಿನ ಬಣ್ಣವನ್ನು ನೋಡಿದೆ ಎಂದರು.

"ಎಡಗಣ್ಣಾಗ ಬೂದಿ, ಬಲಗಣ್ಣಾಗ ನೀಲಿ," ಎಂದರು. "ಇಷ್ಟು ನೀಲಿ ಇತ್ತೇನ್ರಿ ಇದು?"